ಮಗಳಿಗೊಂದು ಪತ್ರ: ಪಂಪ್ ಬಿಚ್ಚುವ ಮೊದಲು

ದಾವಣಗೆರೆ

ಪ್ರೀತಿಯ ಪುಟ್ಟಿ,

ಹೊಸ ಟೂಲ್ ಸೆಟ್ ಆರ್ಡರ್ ಮಾಡಬೇಡ. ನೀನು ಕಳಿಸಿದ ಫೋಟೊ ನೋಡಿದೆ. ಪೆಟ್ಟಿಗೆ ಚೆನ್ನಾಗಿದೆ, ನಿಮ್ಮಮ್ಮನಿಗೂ ಇಷ್ಟವಾಯಿತು, ಬಳೆ ಇಡೋಕೆ. ಆದರೆ ಒಳಗಿರುವುದೆಲ್ಲ ಕಾರು, ಬೈಕಿನ ಸಾಮಾನು. ನಾನು ಶೆಡ್ಡಿನಲ್ಲಿ ರಿಪೇರಿ ಮಾಡುತ್ತಿರುವ ನಿಮ್ಮಜ್ಜನ ಲಾರಿಯ ವೀಲ್ ನಟ್ಟಿಗೆ ಅದನ್ನು ಹಿಡಿದರೆ ನಟ್ಟೇ ನಕ್ಕುಬಿಡುತ್ತದೆ. ನನ್ನ ಹತ್ತಿರ ಇರುವುದೆಲ್ಲ ಗುಜರಿಯಲ್ಲಿ ಆರಿಸಿ ತಂದದ್ದು ಅನ್ನೋದು ನಿಜ. ದುಡ್ಡು ಉಳಿಸೋಕೆ ಅಂತ ನೀನು ಅಂದುಕೊಂಡಿದ್ದೀಯ. ಅದೂ ಸ್ವಲ್ಪ ಹೌದು. ಆದರೆ ಇಪ್ಪತ್ತು ಮೂವತ್ತು ವರ್ಷ ಲಾರಿ ನಟ್ಟು ಬಿಚ್ಚಿಯೂ ಬಾಯಿ ಅಗಲವಾಗದೆ ಉಳಿದ ಪಾನಾ ಇದೆಯಲ್ಲ, ಅದರ ಪರೀಕ್ಷೆ ಆಗಲೇ ಮುಗಿದಿರುತ್ತದೆ.

ಹಾಗಂತ ಗುಜರಿಯಲ್ಲಿ ಸಿಕ್ಕಿದ್ದೆಲ್ಲ ಚಿನ್ನ ಅಲ್ಲ. ಮೊದಲು ಅಳತೆ ನೋಡಬೇಕು. ನಮ್ಮದು ಟಾಟಾ 1210. ಟಾಟಾದವರು 1954ರಲ್ಲಿ ಜರ್ಮನಿಯ ಡೈಮ್ಲರ್-ಬೆಂಜ್ ಜೊತೆ ಸೇರಿ ಲಾರಿ ಮಾಡೋಕೆ ಶುರು ಮಾಡಿದ್ದು, ಹಾಗಾಗಿ ಇದರ ನಟ್ಟು ಬೋಲ್ಟೆಲ್ಲ ಮಿಲಿಮೀಟರ್ ಲೆಕ್ಕ. ಹಳೇ ಲೇಲ್ಯಾಂಡ್ ಇಂಗ್ಲೆಂಡಿನ ಕಡೆಯದು, ಅದರದು ಇಂಚಿನ ಲೆಕ್ಕ. ಗುಜರಿಯಲ್ಲಿ ಎರಡೂ ಒಂದೇ ಗುಡ್ಡೆಯಲ್ಲಿ ಬಿದ್ದಿರುತ್ತವೆ. 3/4 ಇಂಚಿನ ಪಾನಾ 19ರ ನಟ್ಟಿಗೆ ಸರಿಯಾಗಿ ಕೂರುತ್ತದೆ, ಅದನ್ನು ಧೈರ್ಯವಾಗಿ ತರಬಹುದು. 11/16 ಇಂಚಿನದು 17ರ ಮೇಲೆ ಕೂತ ಹಾಗೆ ಕಾಣುತ್ತದೆ ಅಷ್ಟೇ, ಜೋರಾಗಿ ಎಳೆದ ಕೂಡಲೇ ಮೂಲೆ ತಿಂದುಬಿಡುತ್ತದೆ. ಮೂಲೆ ಹೋದ ನಟ್ಟು ಬಿಚ್ಚುವ ಕಷ್ಟ ನಿನಗೆ ಗೊತ್ತಿಲ್ಲ, ಗೊತ್ತಾಗೋದೂ ಬೇಡ.

ಉಳಿಯ ತಲೆ ಸುತ್ತಿಗೆ ಏಟಿಗೆ ಅಗಲವಾಗಿ, ಅಂಚು ಹೊರಗೆ ಮಡಚಿಕೊಂಡಿದ್ದರೆ ಗ್ರೈಂಡ್ ಮಾಡಿಸದೆ ಮುಟ್ಟಬಾರದು. ಆ ಅಂಚಿನ ಚೂರು ಹಾರಿ ಕಣ್ಣಿಗೇ ಬರುವುದು. ಜಾಕಿಯ ವಿಷಯದಲ್ಲಿ ಇನ್ನೂ ಜಾಸ್ತಿ ಅನುಮಾನ ಇರಲಿ. ಭಾರ ಎತ್ತಿಸಿ, ರಾಡಿನ ಮೇಲೆ ಸೀಮೆಸುಣ್ಣದಲ್ಲಿ ಗೆರೆ ಎಳೆದು ರಾತ್ರಿ ಹಾಗೇ ಬಿಡು. ಬೆಳಗ್ಗೆ ಗೆರೆ ಕೆಳಗೆ ಇಳಿದಿದ್ದರೆ ಸೀಲ್ ಹೋಗಿದೆ ಅಂತ ಅರ್ಥ. ಗೆರೆ ಇಳಿಯದಿದ್ದರೂ ಬರೀ ಜಾಕಿ ನಂಬಿ ಯಾರೂ ಲಾರಿ ಕೆಳಗೆ ನುಗ್ಗಬಾರದು. ನಾನು ದಪ್ಪ ಮರದ ದಿಮ್ಮಿ ಕೊಟ್ಟೇ ನುಗ್ಗೋದು, ಅಮ್ಮನಿಗೆ ಹೇಳು, ನನ್ನ ಮಾತು ನಂಬಲ್ಲ ಅವಳು. ಟೈರಿನ ಕೆಲಸ ಮಾತ್ರ ಮನೆಯಲ್ಲಿ ಮಾಡೋದೇ ಇಲ್ಲ. ಈ ಚಕ್ರದ ಡಿಸ್ಕಿಗೆ ಟೈರ್ ಹಿಡಿದಿಡುವ ಲಾಕ್ ರಿಂಗ್ ಇದೆ, ಗಾಳಿ ತುಂಬುವಾಗ ಅದು ಎಗರಿದರೆ ಆಳು ಉಳಿಯಲ್ಲ. ಅದಕ್ಕೆ ಪಂಕ್ಚರ್ ಅಂಗಡಿಯೇ ಸರಿ.

ನಿನಗೆ ಏನಾದರೂ ಕೊಡಿಸಲೇಬೇಕು ಅಂತಿದ್ದರೆ ಒಂದು ಹೊಸ ಫೀಲರ್ ಗೇಜ್ ತಾ, ಸಣ್ಣ ಸಂದು ಅಳೆಯುವ ತೆಳು ಉಕ್ಕಿನ ಎಲೆಗಳ ಕಟ್ಟು ಅದು. ಹಳೇದರ ಎಲೆಗಳು ಸವೆದಿವೆ, ಸವೆದ ಅಳತೆ ಇಟ್ಟುಕೊಂಡು ಟ್ಯಾಪೆಟ್, ಅಂದರೆ ವಾಲ್ವಿನ ಸಂದು, ಸೆಟ್ ಮಾಡೋದಕ್ಕಿಂತ ಮಾಡದೆ ಇರೋದು ವಾಸಿ.

ಈಗ ಲಾರಿ ಸಮಾಚಾರ. ಸ್ಟಾರ್ಟ್ ಆಯಿತು ಅಂತ ಅಮ್ಮ ಫೋನಲ್ಲಿ ಹೇಳಿದ್ದಾಳೆ, ಆದರೆ ಹೇಗೆ ಅಂತ ಹೇಳಿರಲ್ಲ.

ಮೊದಲು ಸೆಲ್ಫೇ, ಅಂದರೆ ಸ್ಟಾರ್ಟರ್ ಮೋಟಾರೇ, ತಿರುಗುತ್ತಿರಲಿಲ್ಲ. ಟಕ್ ಅಂದು ಸುಮ್ಮನಾಗುತ್ತಿತ್ತು. ಸೆಲ್ಫ್ ಬಿಚ್ಚಿ ವೈಂಡಿಂಗ್‌ಗೆ ಕೊಡಿ ಅಂತ ನೋಡೋಕೆ ಬಂದವರೆಲ್ಲ ಹೇಳಿದರು. ಬ್ಯಾಟರಿ ಸರಿಯಾಗಿತ್ತು, ಸುಮ್ಮನಿದ್ದಾಗ 12.6 ವೋಲ್ಟ್. ಮೀಟರಿನ ಒಂದು ಕಡ್ಡಿಯನ್ನು ಬ್ಯಾಟರಿಯ ನೆಗೆಟಿವ್ ಮೇಲೂ ಇನ್ನೊಂದನ್ನು ಇಂಜಿನ್ ಬಾಡಿ ಮೇಲೂ ಇಟ್ಟು ಸೆಲ್ಫ್ ಹೊಡೆಸಿದೆ. ಅಲ್ಲಿ ಅರ್ಧ ವೋಲ್ಟಿಗಿಂತ ಜಾಸ್ತಿ ತೋರಿಸಬಾರದು. ಇಲ್ಲಿ ಮುಳ್ಳು ಎದ್ದು ನಿಂತಿತು. ಅಂದರೆ ಕರೆಂಟು ವಾಪಸ್ ಬರುವ ದಾರಿಯಲ್ಲೇ ತಡೆ ಇದೆ. ನಿಮ್ಮಜ್ಜ ಕೊನೆಯ ಸಲ ಪೇಂಟ್ ಮಾಡಿಸಿದಾಗ ಚಾಸಿಸ್‌ಗೆಲ್ಲ ಬಣ್ಣ ಬಳಿಸಿ, ಅರ್ತ್ ವೈರನ್ನು ಆ ಬಣ್ಣದ ಮೇಲೇ ಬಿಗಿಸಿದ್ದರು. ಉಪ್ಪು ಕಾಗದ ಹಾಕಿ ಉಜ್ಜಿ ಬಿಳಿ ಕಬ್ಬಿಣ ತೋರಿಸಿ ಬಿಗಿದೆ. ತಿರುಗಿತು.

ಇಂಜಿನ್ ಎದ್ದಿತು. ಒಂದೆರಡು ನಿಮಿಷ ಓಡಿ, ಕೆಮ್ಮಿ, ಆಫ್. ಹ್ಯಾಂಡ್ ಪಂಪ್ ಹೊಡೆದರೆ ಮತ್ತೆ ಏಳುತ್ತದೆ, ಮತ್ತೆ ಆಫ್. ರಾತ್ರಿ ಬಿಟ್ಟು ಬೆಳಗ್ಗೆ ನೋಡಿದರೆ ಫಿಲ್ಟರ್ ಅರ್ಧ ಖಾಲಿ. ಈ ಸಲ ಎಲ್ಲರೂ ಒಂದೇ ಮಾತು: ನೋಝಲ್‌ಗಳಿಗೆ ಒತ್ತಡದಲ್ಲಿ ಡೀಸೆಲ್ ಕಳಿಸುವ ಡೀಸೆಲ್ ಪಂಪ್ ಹೋಗಿದೆ, ಬಿಚ್ಚಿ ಕ್ಯಾಲಿಬ್ರೇಷನ್‌ಗೆ ಕೊಡಿ. ಅದು ಸಾವಿರದ ಲೆಕ್ಕದ ಕೆಲಸ ಅಲ್ಲ, ಹತ್ತು ಸಾವಿರದ ಲೆಕ್ಕದ್ದು. ನನಗೆ ಹಟ. ಪುಕ್ಕಟೆ ನೋಡುವಂಥದ್ದನ್ನೆಲ್ಲ ನೋಡಿ ಮುಗಿಸದೆ ದುಡ್ಡಿನ ಸಾಮಾನಿಗೆ ಕೈ ಹಾಕಲ್ಲ. ನಿಮ್ಮ ಆಫೀಸಲ್ಲಿ ಸಾಫ್ಟ್‌ವೇರ್ ಕೆಟ್ಟರೆ ಮೊದಲು ಸರ್ವರ್ ಬದಲಿಸ್ತಾರಾ? ಇಲ್ಲ ಅಲ್ವಾ.

ಗಾರೆಯವರು ಮಟ್ಟ ನೋಡುವ ಪಾರದರ್ಶಕ ಲೆವೆಲ್ ಪೈಪ್ ಇರುತ್ತದಲ್ಲ, ಅದರದ್ದು ಒಂದು ಗೇಣು ತುಂಡು ತಂದೆ. ಟ್ಯಾಂಕಿಂದ ಬರುವ ಲೈನು, ಡೀಸೆಲ್ ಎಳೆದುಕೊಳ್ಳುವ ಸಣ್ಣ ಫೀಡ್ ಪಂಪಿಗೆ ಸೇರುವ ಕಡೆ ಅದನ್ನು ಮಧ್ಯೆ ಸೇರಿಸಿ ಕ್ಲಿಪ್ ಹಾಕಿದೆ. ಇಂಜಿನ್ ಓಡುವಾಗ ಬಗ್ಗಿ ನೋಡಿದರೆ ಡೀಸೆಲ್ ಜೊತೆ ಸಾಸಿವೆ ಗಾತ್ರದ ಗುಳ್ಳೆಗಳು ಸಾಲಾಗಿ ಬರುತ್ತಿವೆ. ಪಂಪಿಗೆ ಬರುವ ಮೊದಲೇ ಗಾಳಿ! ಆಮೇಲೆ ಟ್ಯಾಂಕ್ ಲೈನ್ ತೆಗೆದು, ಒಂದು ಕ್ಯಾನಿನಲ್ಲಿ ಸೋಸಿದ ಡೀಸೆಲ್ ತುಂಬಿ ಬಾನೆಟ್ ಪಕ್ಕ ಎತ್ತರಕ್ಕೆ ಕಟ್ಟಿ ಅದರಿಂದ ಪೈಪ್ ಕೊಟ್ಟೆ. ಚಹಾ ಕುಡಿದು, ಪೇಪರ್ ಓದಿ ಮುಗಿಸಿದರೂ ಇಂಜಿನ್ ನಿಲ್ಲಲಿಲ್ಲ. ಪಂಪ್ ಗಟ್ಟಿಮುಟ್ಟಾಗಿದೆ. ತೊಂದರೆ ಟ್ಯಾಂಕಿಗೂ ಫೀಡ್ ಪಂಪಿಗೂ ನಡುವೆ.

ಇಲ್ಲೇ ಒಂದು ವಿಷಯ ನೀನು ತಿಳಿದಿರಬೇಕು. ಆ ಲೈನಿನಲ್ಲಿ ಡೀಸೆಲನ್ನು ಎಳೆದುಕೊಳ್ಳುವುದು, ತಳ್ಳುವುದಲ್ಲ. ಹಾಗಾಗಿ ತೂತು ಇದ್ದರೂ ಡೀಸೆಲ್ ಹೊರಗೆ ತೊಟ್ಟಿಕ್ಕಲ್ಲ, ಗಾಳಿ ಒಳಗೆ ಹೋಗುತ್ತದೆ. ನೆಲ ಒದ್ದೆಯಾಗಿಲ್ಲ, ಪೈಪ್ ಒಣಗಿದೆ, ಲೀಕೇ ಇಲ್ಲ ಅಂತ ಎಲ್ಲರೂ ಹೇಳಿದ್ದು ಅದಕ್ಕೇ. ಪೈಪಿನ ಎರಡೂ ತುದಿ ಬಿಚ್ಚಿ, ಒಂದು ಕಡೆ ಬಿರಡೆ ಹಾಕಿ, ಇನ್ನೊಂದು ಕಡೆಯಿಂದ ಸೈಕಲ್ ಪಂಪಲ್ಲಿ ಮೆಲ್ಲಗೆ ಗಾಳಿ ಕೊಟ್ಟೆ. ಪಕ್ಕದ ಮನೆ ಹುಡುಗ ಉದ್ದಕ್ಕೂ ಸೋಪಿನ ನೀರು ಬಳಿಯುತ್ತಾ ಬಂದ. ಚಾಸಿಸ್‌ಗೆ ಪೈಪ್ ಹಿಡಿದಿಟ್ಟ ಕ್ಲಾಂಪ್ ಹತ್ತಿರ ಬಂದಾಗ ನೊರೆ ಎದ್ದಿತು. ಕ್ಲಾಂಪ್ ತೆಗೆದರೆ ಅದರೊಳಗಿನ ರಬ್ಬರ್ ಯಾವಾಗಲೋ ಪುಡಿಯಾಗಿ ಹೋಗಿದೆ. ಕಬ್ಬಿಣಕ್ಕೆ ಕಬ್ಬಿಣ ಉಜ್ಜಿ ಪೈಪ್ ಮೇಲೆ ಉಗುರಿನಷ್ಟು ಜಾಗ ಬೆಳ್ಳಗೆ ಹೊಳೆಯುತ್ತಿದೆ, ಅದರ ನಡುವೆ ಸೂಜಿಮೊನೆಯಷ್ಟು ತೂತು. ಬೆಳಕಿಗೆ ಹಿಡಿದರೂ ಕಾಣದಷ್ಟು.

ಹೊಸ ಪೈಪ್ ಬಗ್ಗಿಸಿ ಹಾಕಿದೆ, ಕ್ಲಾಂಪಿಗೆ ಹಳೇ ಟ್ಯೂಬಿನ ತುಂಡು ಸುತ್ತಿದೆ. ಪೈಪಿನ ತುದಿ ಹಿಡಿದಿಡುವ ಬ್ಯಾಂಜೊ ಬೋಲ್ಟಿನ ತಾಮ್ರದ ವಾಷರ್ ಹೊಸದು ಸಿಗಲಿಲ್ಲ, ಹಳೇದನ್ನೇ ಗ್ಯಾಸ್ ಒಲೆ ಮೇಲೆ ಕೆಂಪಗೆ ಕಾಯಿಸಿ ನೀರಿಗೆ ಹಾಕಿದೆ. ಉಕ್ಕಿಗೆ ಹಾಗೆ ಮಾಡಿದರೆ ಗಟ್ಟಿಯಾಗುತ್ತದೆ, ತಾಮ್ರ ಮೆತ್ತಗಾಗುತ್ತದೆ, ಬಿಗಿದಾಗ ಸಂದು ಬಿಡದೆ ಕೂರುತ್ತದೆ. (ಒಲೆ ಬಗ್ಗೆ ಅಮ್ಮ ನಿನಗೆ ದೂರು ಹೇಳಿಯೇ ಇರುತ್ತಾಳೆ.) ಆಮೇಲೆ ಏರ್ ತೆಗೆಯೋದು: ಮೊದಲು ಫಿಲ್ಟರಿನ ಸ್ಕ್ರೂ ಸಡಿಲ ಮಾಡಿ ಗುಳ್ಳೆ ನಿಲ್ಲುವವರೆಗೆ ಹ್ಯಾಂಡ್ ಪಂಪ್, ಆಮೇಲೆ ಡೀಸೆಲ್ ಪಂಪಿನ ಸ್ಕ್ರೂ, ಕೊನೆಗೆ ನೋಝಲ್ ಪೈಪಿನ ನಟ್ಟು ಸಡಿಲಿಸಿ ಸೆಲ್ಫ್. ನೋಝಲ್ ಹತ್ತಿರ ಮಾತ್ರ ಕೈ ಅಡ್ಡ ಇಡಬಾರದು. ಆ ಒತ್ತಡಕ್ಕೆ ಡೀಸೆಲ್ ಚರ್ಮ ತೂರಿ ಒಳಗೆ ಹೋಗುತ್ತದೆ, ನೋವೂ ಮೊದಲು ಗೊತ್ತಾಗಲ್ಲ, ಆಮೇಲೆ ಆಸ್ಪತ್ರೆಗೆ ಓಡಬೇಕಾಗುತ್ತದೆ.

ಓಡಿಸೋಕಾಗದ ಲಾರಿಗೆ ಇಷ್ಟೆಲ್ಲ ಯಾಕೆ ಅಂತ ನೀನು ಕೇಳಿದ್ದೆ. ಬಾಡಿಗೆಗೆ ಓಡಿಸಲ್ಲ, ಅದಂತೂ ಖಂಡಿತ. 15 ವರ್ಷ ದಾಟಿದ ಗಾಡಿಗಳ ಎಫ್‌ಸಿ (ಫಿಟ್‌ನೆಸ್ ಸರ್ಟಿಫಿಕೇಟ್) ಫೀಸು 2022ರ ಏಪ್ರಿಲ್‌ನಿಂದ ಏರಿದೆ. ವಿಂಟೇಜ್ ಅಂತ ರಿಜಿಸ್ಟರ್ ಮಾಡಿಸಿ ಅಂತ ನೀನು ಅಂದಿದ್ದೆ, ಆದರೆ 2021ರ ಆ ನಿಯಮ 50 ವರ್ಷ ದಾಟಿದ ಸ್ವಂತ ಬಳಕೆಯ ಬೈಕು, ಕಾರುಗಳಿಗೆ, ಸರಕು ಲಾರಿಗೆ ಅಲ್ಲ. ದಾವಣಗೆರೆ ಲಾರಿಗೆ ಕೆಎ 17ರ ಬದಲು ಕೆಎ 16 ಯಾಕಿದೆ ಅಂತಲೂ ಕೇಳಿದ್ದೆಯಲ್ಲ: ಕೆಎ 16 ಚಿತ್ರದುರ್ಗದ ನಂಬರು. 1997ರವರೆಗೆ ನಾವು ಆ ಜಿಲ್ಲೆಯವರು, ನಿಮ್ಮಜ್ಜ ಅದಕ್ಕೂ ಮೊದಲೇ ಇದನ್ನು ತಂದು ಅಲ್ಲೇ ರಿಜಿಸ್ಟರ್ ಮಾಡಿಸಿದ್ದರು. ಚಳ್ಳಕೆರೆ ಎಣ್ಣೆ ಮಿಲ್ಲುಗಳಿಗೆ ಶೇಂಗಾ, ಇಲ್ಲಿಂದ ಮೆಕ್ಕೆಜೋಳ, ಬೆಂಗಳೂರಿಗೆ ಈರುಳ್ಳಿ ಹೊತ್ತು ನಿನ್ನ ಅತ್ತೆಯಂದಿರ ಮದುವೆ, ನನ್ನ ಓದು ಎಲ್ಲ ಮುಗಿಸಿದ ಗಾಡಿ. ಶೆಡ್ಡಿನಿಂದ ಅಂಗಳಕ್ಕೆ ತಾನೇ ಓಡಿ ಬಂದರೆ ನನಗೆ ಸಾಕು. ಇದಕ್ಕಿಂತ ಜಾಸ್ತಿ ಕಾರಣ ನನ್ನ ಹತ್ತಿರ ಇಲ್ಲ.

ಹರಿಹರ ಪಕ್ಕದಲ್ಲಿರುವುದೂ ಅನುಕೂಲವಾಯಿತು. 1941ರಲ್ಲಿ ಅಲ್ಲಿ ಮೈಸೂರು ಕಿರ್ಲೋಸ್ಕರ್ ಶುರುವಾದಾಗಿನಿಂದ ಲೇತ್ ಕೆಲಸದ ಕೈಗಳಿಗೆ ಈ ಕಡೆ ಬರವಿಲ್ಲ. ಕಾರ್ಖಾನೆ ಮುಚ್ಚಿದರೂ ಅದರ ಲೇತ್‌ಗಳು ಸಣ್ಣ ಅಂಗಡಿಗಳಲ್ಲಿ ಇನ್ನೂ ತಿರುಗುತ್ತಿವೆ. ಬಿಗಿಯಾಗಿ ಕೂತ ಬೇರಿಂಗ್ ಎಳೆದು ತೆಗೆಯುವ ನನ್ನ ಗುಜರಿ ಪುಲ್ಲರಿಗೆ ಕಾಲು ಮಾಡಿಸಿದ್ದು ಅಂಥದ್ದೊಂದು ಲೇತ್‌ನಲ್ಲೇ.

ಇನ್ನು ರೇಡಿಯೇಟರ್ ಉಳಿದಿದೆ. ವರ್ಷಗಟ್ಟಲೆ ಬೋರ್ ನೀರು ಹಾಕಿದ್ದಕ್ಕೆ ಒಳಗೆಲ್ಲ ಸುಣ್ಣ ಕಟ್ಟಿದೆ, ಕೆಳಗಿನ ಹೋಸಿನಿಂದ ಉಲ್ಟಾ ನೀರು ಬಿಟ್ಟರೆ ಬಿಳಿ ಹೆಕ್ಕಳೆ ಬರುತ್ತಿದೆ. ಅದು ನಾನೊಬ್ಬನೇ ಮಾಡಿಕೊಳ್ಳುವ ಕೆಲಸ.

ಟ್ಯಾಪೆಟ್‌ಗೆ ಮಾತ್ರ ಇಬ್ಬರು ಬೇಕು. ಇದು 692 ಇಂಜಿನ್, ಅಂದರೆ 6 ಸಿಲಿಂಡರ್, 92 ಮಿಲಿಮೀಟರ್ ಬೋರ್. ಫೈರಿಂಗ್ ಆರ್ಡರ್, ಅಂದರೆ ಸಿಲಿಂಡರುಗಳು ಉರಿಯುವ ಸರದಿ, 1-5-3-6-2-4. 6ನೇದರ ಎರಡೂ ವಾಲ್ವ್ ಒಟ್ಟಿಗೆ ಅಲುಗಾಡುವಾಗ 1ನೇದನ್ನು ಸೆಟ್ ಮಾಡಬೇಕು, ಹಾಗೇ 2 ಅಲುಗಾಡಿದಾಗ 5, 4 ಅಲುಗಾಡಿದಾಗ 3, ಆಮೇಲೆ ಇದೇ ಜೋಡಿಗಳು ತಿರುಗುಮುರುಗಾಗಿ. ನಾನು ಕೆಳಗೆ ಕೂತು ಇಂಜಿನ್ ತಿರುಗಿಸುತ್ತೇನೆ, ನೀನು ಮೇಲೆ ಗೇಜ್ ಹಿಡಿ. ಕನ್ನಡಕ ಹಾಕಿದರೂ ಅಷ್ಟು ಸಣ್ಣ ಸಂದು ನನಗೆ ಕಾಣಲ್ಲ. ಇಂಜಿನ್ ತಣ್ಣಗಿರಬೇಕು, ಹಾಗಾಗಿ ನೀನು ಬಂದ ಮಾರನೇ ದಿನ ಬೆಳಗ್ಗೆ ಎದ್ದ ಕೂಡಲೇ ಶುರು. ಬೆಣ್ಣೆ ದೋಸೆಗೆ ಆಮೇಲೆ ಹೋಗೋಣ, ಅಲ್ಲಿ ಗ್ರೀಸ್ ಕೈ ನೋಡಿ ಯಾರೂ ಏನೂ ಅನ್ನಲ್ಲ. ಹಳೇ ಚೂಡಿದಾರ್ ಒಂದು ಬ್ಯಾಗಲ್ಲಿ ಇಟ್ಟುಕೋ.

ನಿನ್ನ
ಅಪ್ಪ