ಇನ್ನು ಮುಂದೆ ಜಾಬ್ ಕಾರ್ಡಿಗೆ ಸಹಿ ಆದ ಮೇಲೆಯೇ ಕೆಲಸ: ನಮ್ಮ ಗ್ಯಾರೇಜಿನಿಂದ ಒಂದು ಪತ್ರ

ಪ್ರೀತಿಯ ಗ್ರಾಹಕರೇ,

ನಮಸ್ಕಾರ. ಮುಂದಿನ ತಿಂಗಳ 1ನೇ ತಾರೀಖಿನಿಂದ ನಮ್ಮ ಗ್ಯಾರೇಜಿನಲ್ಲಿ ಒಂದು ಬದಲಾವಣೆ ಬರುತ್ತಿದೆ. ಗಾಡಿ ಯಾವುದೇ ಇರಲಿ, ಕೆಲಸ ಎಷ್ಟೇ ಸಣ್ಣದಿರಲಿ, ಮೊದಲು ಜಾಬ್ ಕಾರ್ಡ್ ಬರೆಯುತ್ತೇವೆ. ಅದರಲ್ಲಿ ಖರ್ಚಿನ ಅಂದಾಜು ಇರುತ್ತದೆ. ನಿಮ್ಮ ಸಹಿ ಬಿದ್ದ ಮೇಲೆಯೇ ಸ್ಪ್ಯಾನರ್ ಕೈಗೆ ತೆಗೆದುಕೊಳ್ಳುತ್ತೇವೆ.

ಕೌಂಟರ್ ಮೇಲೆ ಕೀ ಇಟ್ಟು "ನೋಡಿ, ಏನಿದೆಯೋ ಸರಿ ಮಾಡಿಬಿಡಿ" ಅಂತ ಹೇಳಿ ಬಸ್ ಹತ್ತುವವರು ನಿಮ್ಮಲ್ಲಿ ಬಹಳ ಜನ ಇದ್ದೀರಿ. ತೀರ್ಥಹಳ್ಳಿ, ಹೊಸನಗರ ಕಡೆಯಿಂದ ಶಿವಮೊಗ್ಗಕ್ಕೆ ಬರುವವರಿಗೆ ಅದೇ ಅನುಕೂಲ, ನಮಗೆ ಗೊತ್ತು. ಆದರೆ ಕಳೆದ ಮಳೆಗಾಲದಲ್ಲಿ ಈ ರೂಢಿಯಿಂದಲೇ ಒಂದು ತಪ್ಪಾಯಿತು. ಅದನ್ನು ಮುಚ್ಚಿಡದೆ ಹೇಳುತ್ತೇವೆ.

ನಮ್ಮ ಹಳೆಯ ಗ್ರಾಹಕರೊಬ್ಬರು ಮುಂದಿನ ಚಕ್ರದಲ್ಲಿ ಕೀಂ ಅಂತ ಸದ್ದು ಬರುತ್ತದೆ ಅಂತ ಗಾಡಿ ಬಿಟ್ಟು ಹೋದರು. ಬ್ರೇಕ್ ಪ್ಯಾಡ್ ಹೋಗಿರಬೇಕು, ಮೂರು ಸಾವಿರದ ಒಳಗೆ ಆಗುತ್ತದೆ ಅಂತ ಬಾಯಿಮಾತಲ್ಲಿ ಹೇಳಿದ್ದೆವು. ಚಕ್ರ ಬಿಚ್ಚಿ ನೋಡಿದರೆ ಪ್ಯಾಡ್ ಪೂರ್ತಿ ಸವೆದು, ಅದರ ಹಿಂದಿನ ಕಬ್ಬಿಣವೇ ಚಕ್ರದ ಜೊತೆ ತಿರುಗುವ ಬ್ರೇಕ್ ಡಿಸ್ಕನ್ನು ಉಜ್ಜಿತ್ತು. ಬೆರಳಾಡಿಸಿದರೆ ಡಿಸ್ಕ್ ಮೇಲೆ ಗೆರೆಗಳು ಸಿಗುತ್ತಿದ್ದವು. ವೀಲ್ ಬೇರಿಂಗ್ ಕೂಡ ಆಡುತ್ತಿತ್ತು. ಫೋನ್ ಮಾಡಿದೆವು, ಮಳೆಗೆ ಅವರ ಊರಿನಲ್ಲಿ ನೆಟ್‌ವರ್ಕ್ ಇರಲಿಲ್ಲ. ಮಾರನೆಯ ದಿನ ಅವರು ಮನೆಯವರನ್ನೆಲ್ಲ ಕೂರಿಸಿಕೊಂಡು ಆಗುಂಬೆ ಘಾಟಿ ಇಳಿಯುವವರಿದ್ದರು. ಆ ಡಿಸ್ಕಿನಲ್ಲಿ ಗಾಡಿ ಕಳಿಸಲು ಮನಸ್ಸಾಗದೆ ಎಲ್ಲವನ್ನೂ ಬದಲಾಯಿಸಿದೆವು. ಬಿಲ್ ಒಂಬತ್ತು ಸಾವಿರ ದಾಟಿತು. ಅವರು ದುಡ್ಡು ಕೊಟ್ಟರು, ಜಗಳ ಮಾಡಲಿಲ್ಲ. "ಒಂದು ಮಾತು ಕೇಳಬಹುದಿತ್ತಲ್ವಾ?" ಅಂದರು, ಅಷ್ಟೇ. ಆಮೇಲೆ ಈ ಕಡೆ ಬಂದಿಲ್ಲ.

ಕೆಲಸ ಸರಿಯಾಗಿತ್ತು. ಕೇಳದೆ ಮಾಡಿದ್ದು ತಪ್ಪು. ಮಾರನೆಯ ದಿನದ ತನಕ ಕಾಯಬೇಕಿತ್ತು.

ಹಾಗಾಗಿ ಈ ಜಾಬ್ ಕಾರ್ಡ್. ಗಾಡಿ ನಂಬರ್, ಎಷ್ಟು ಕಿಲೋಮೀಟರ್ ಓಡಿದೆ, ಟ್ಯಾಂಕಿನಲ್ಲಿ ಎಷ್ಟು ಎಣ್ಣೆ ಇದೆ, ಸ್ಟೆಪ್ನಿ ಜಾಕಿ ಇದೆಯೋ ಇಲ್ಲವೋ, ಮೈಮೇಲೆ ಮೊದಲೇ ಇರುವ ಗೀರು ಎಲ್ಲೆಲ್ಲಿ, ಇಷ್ಟನ್ನೂ ನಿಮ್ಮ ಎದುರಿಗೇ ಬರೆದು ಫೋಟೊ ತೆಗೆಯುತ್ತೇವೆ. ನಿಮ್ಮ ದೂರನ್ನು ಮಾತ್ರ ನಿಮ್ಮ ಮಾತಲ್ಲೇ ಬರೆಯುತ್ತೇವೆ. "ಬ್ರೇಕ್ ಚೆಕ್" ಅಂತ ಗೀಚಿದರೆ ಮೆಕ್ಯಾನಿಕ್‌ಗೆ ಏನೂ ತಿಳಿಯುವುದಿಲ್ಲ. "ಬೆಳಗ್ಗೆ ಮೊದಲ ಸಲ ಬ್ರೇಕ್ ಒತ್ತಿದಾಗ ಎಡಗಡೆ ಸದ್ದು, ಹತ್ತು ನಿಮಿಷ ಓಡಿದ ಮೇಲೆ ಇಲ್ಲ" ಅಂತ ಬರೆದರೆ ಅರ್ಧ ರಿಪೇರಿ ಅಲ್ಲೇ ಆಗುತ್ತದೆ. ದಯವಿಟ್ಟು ಈ ಐದು ನಿಮಿಷ ನಮಗೆ ಕೊಡಿ.

ಬಿಚ್ಚಿದ ಮೇಲೆ ಹೊಸ ತೊಂದರೆ ಕಂಡು, ಖರ್ಚು ಅಂದಾಜಿಗಿಂತ 500 ರೂಪಾಯಿ ಜಾಸ್ತಿ ಆಗುವಂತಿದ್ದರೆ ಕೆಲಸ ನಿಲ್ಲಿಸಿ, ಫೋಟೊ ಸಮೇತ ವಾಟ್ಸಾಪ್ ಮಾಡುತ್ತೇವೆ. ನೀವು "ಮಾಡಿ" ಅಂತ ಬರೆದರೆ ಅದೇ ಒಪ್ಪಿಗೆ. ಬೇಡ ಅಂದರೆ ಕಾರ್ಡಿನಲ್ಲಿ ಹಾಗೇ ಬರೆದು, ಬಿಚ್ಚಿದ್ದನ್ನು ಮೊದಲಿನಂತೆ ಜೋಡಿಸಿ ಕೊಡುತ್ತೇವೆ. ಉತ್ತರ ಬಾರದಿದ್ದರೆ ಗಾಡಿ ಪಿಟ್‌ನಿಂದ ಇಳಿದು ಪಕ್ಕಕ್ಕೆ ನಿಲ್ಲುತ್ತದೆ. ಆದ್ದರಿಂದ ಕಾರ್ಡಿನಲ್ಲಿ ಇನ್ನೊಬ್ಬರ ನಂಬರ್ ಕೂಡ ಬರೆಸಿ. ಮನೆಯ ಲ್ಯಾಂಡ್‌ಲೈನ್ ಆದರೂ ಆಗುತ್ತದೆ.

ಈ ಸಹಿಗೆ ಕಾನೂನಿನ ಬಲವೂ ಇದೆ. 1872ರ ಭಾರತೀಯ ಕರಾರು ಕಾಯ್ದೆಯ 151ನೇ ಕಲಮಿನ ಪ್ರಕಾರ, ಬಿಟ್ಟು ಹೋದ ಗಾಡಿಯನ್ನು ನಮ್ಮದೇ ಗಾಡಿಯಷ್ಟು ಜೋಪಾನವಾಗಿ ನೋಡಿಕೊಳ್ಳಬೇಕು. 170ನೇ ಕಲಮಿನ ಪ್ರಕಾರ, ರಿಪೇರಿಯ ದುಡ್ಡು ಬರುವ ತನಕ ಗಾಡಿ ಇಟ್ಟುಕೊಳ್ಳುವ ಹಕ್ಕು ನಮಗಿದೆ. ಆದರೆ ಯಾವ ಕೆಲಸಕ್ಕೆ ಗಾಡಿ ಕೊಟ್ಟಿರೋ ಆ ಕೆಲಸದ ದುಡ್ಡಿಗೆ ಮಾತ್ರ. ನೀವು ಹೇಳದ ಕೆಲಸ ಮಾಡಿ ಕೀ ಹಿಡಿದು ಕೂರುವುದು ನ್ಯಾಯವಲ್ಲ, ನಾವು ಹಾಗೆ ಮಾಡುವುದೂ ಇಲ್ಲ.

ಬಿಲ್ ವಿಷಯಕ್ಕೆ ಬಂದರೆ, "ಬಿಲ್ ಬೇಡ, ಜಿಎಸ್‌ಟಿ ಬಿಟ್ಟು ಹೇಳಿ" ಅಂತ ಇನ್ನು ಕೇಳಬೇಡಿ. ಎಲ್ಲರಿಗೂ ಬಿಲ್ ಕೊಡುತ್ತೇವೆ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಲ್ಲಿ ಬಿಲ್ ಕೊಡದಿರುವುದೇ ಅನುಚಿತ ವ್ಯಾಪಾರ ಅಂತ ಇದೆ. ಒಂದು ಒಳ್ಳೆಯ ಸುದ್ದಿ ಏನೆಂದರೆ, 2025ರ ಸೆಪ್ಟೆಂಬರ್ 22ರಿಂದ ಗಾಡಿ ಪಾರ್ಟ್ಸ್ ಮೇಲಿನ ಜಿಎಸ್‌ಟಿ ಶೇ 18. ಮೊದಲು ಬಹಳಷ್ಟು ಪಾರ್ಟ್ಸ್‌ಗೆ ಶೇ 28 ಇತ್ತು. ಅಂದರೆ ತೆರಿಗೆ ಸೇರಿ 1,280 ಆಗುತ್ತಿದ್ದ ಪಾರ್ಟ್ ಈಗ 1,180 ರೂಪಾಯಿ. ಕೂಲಿಗೆ ಮೊದಲಿನಂತೆ ಶೇ 18. ಬಿಲ್‌ನಲ್ಲಿ ಪಾರ್ಟ್ಸ್ ಬೇರೆ, ಕೂಲಿ ಬೇರೆ ಬರೆಯುತ್ತೇವೆ. ಪಾರ್ಟ್ ಕಂಪನಿಯದೋ ಬೇರೆ ಮೇಕಿನದೋ ಅಂತಲೂ ಬರೆಯುತ್ತೇವೆ.

ಆ ಬಿಲ್ ಮತ್ತು ಜಾಬ್ ಕಾರ್ಡಿನ ಪ್ರತಿ ಜೋಪಾನವಾಗಿಡಿ. ನಮ್ಮ ಕೆಲಸದಲ್ಲಿ ತಪ್ಪಿದ್ದರೆ ಮೊದಲು ನಮ್ಮ ಹತ್ತಿರ ಬನ್ನಿ. ಸಮಾಧಾನ ಆಗದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಮಾಡಬಹುದು, ಅಥವಾ ಎರಡು ವರ್ಷದೊಳಗೆ ಜಿಲ್ಲಾ ಗ್ರಾಹಕರ ಆಯೋಗಕ್ಕೆ ದೂರು ಕೊಡಬಹುದು. ನೀವು ಕೊಟ್ಟ ದುಡ್ಡು 5 ಲಕ್ಷದ ಒಳಗಿದ್ದರೆ ಅಲ್ಲಿ ಶುಲ್ಕ ಇಲ್ಲ.

ತೆಗೆದ ಹಳೆಯ ಪಾರ್ಟ್ಸ್ ಚೀಲದಲ್ಲಿ ಹಾಕಿ ಡಿಕ್ಕಿಯಲ್ಲಿ ಇಡುತ್ತೇವೆ. ಬೇಡವಾದರೆ ಹೇಳಿ. ಎರಡು ವಸ್ತು ಮಾತ್ರ ಹಾಗೆ ಕೊಡಲಾಗದು. ಹಳೆಯ ಬ್ಯಾಟರಿ 2022ರ ಬ್ಯಾಟರಿ ತ್ಯಾಜ್ಯ ನಿಯಮದಂತೆ ಅದನ್ನು ಸಂಗ್ರಹಿಸುವ ಅಥವಾ ಮರುಬಳಕೆ ಮಾಡುವವರಿಗೇ ಹೋಗಬೇಕು. ಇನ್ನೊಂದು ಸುಟ್ಟ ಆಯಿಲ್. ಬೇಲಿ ಕಂಬಕ್ಕೆ ಗೆದ್ದಲು ಹಿಡಿಯದಿರಲಿ ಅಂತ ಕ್ಯಾನ್ ತಂದು ಒಯ್ಯುವವರು ಇದ್ದೀರಿ. ನಾವೂ ಸುಮ್ನೆ ತುಂಬಿ ಕೊಡುತ್ತಿದ್ದೆವು. 2016ರ ಅಪಾಯಕಾರಿ ತ್ಯಾಜ್ಯ ನಿಯಮದ ಪಟ್ಟಿಯಲ್ಲಿ ಅದೂ ಇದೆ, ಅನುಮತಿ ಇರುವ ಮರುಬಳಕೆದಾರರಿಗೇ ಹೋಗಬೇಕು. ನಿಯಮ ಇಲ್ಲದಿದ್ದರೂ ನಿಲ್ಲಿಸಬೇಕಿತ್ತು. ಕಂಬಕ್ಕೆ ಹಚ್ಚಿದ್ದು ನಮ್ಮೂರ ಮಳೆಗೆ ತೊಳೆದು ಹಳ್ಳಕ್ಕೆ ಇಳಿಯುತ್ತದೆ. ಆ ನೀರನ್ನೇ ದನ ಕುಡಿಯುತ್ತವೆ, ಅಲ್ವಾ?

ಆಕ್ಸಿಡೆಂಟ್ ಆದ ಗಾಡಿಗೆ ಇನ್ಶೂರೆನ್ಸ್ ಕ್ಲೈಮ್ ಮಾಡುವುದಿದ್ದರೆ ಸರ್ವೇಯರ್ ನೋಡುವ ತನಕ ಒಂದು ಬೋಲ್ಟನ್ನೂ ಬಿಚ್ಚುವುದಿಲ್ಲ. ಅವಸರ ಮಾಡಬೇಡಿ, ಕ್ಲೈಮ್ ಕೈತಪ್ಪೀತು. ಸದ್ದು ಮಾಡುವ ಸೈಲೆನ್ಸರ್, ಬುಲ್ ಗಾರ್ಡ್ ಕೂರಿಸುವ ಕೆಲಸವನ್ನೂ ಪೂರ್ತಿ ಬಿಟ್ಟಿದ್ದೇವೆ. ಮೋಟಾರು ವಾಹನ ಕಾಯ್ದೆಯ 52ನೇ ಕಲಮು ಮೀರಿ ಗಾಡಿ ಮಾರ್ಪಡಿಸಿದರೆ ದಂಡ ಬೀಳುವುದು ಮಾಲೀಕರಾದ ನಿಮಗೆ.

ದೂರದವರು ಗಾಡಿಯನ್ನು ಡ್ರೈವರ್ ಅಥವಾ ಮಗನ ಕೈಯಲ್ಲಿ ಕಳಿಸುವುದಿದ್ದರೆ, ಹಿಂದಿನ ದಿನ ಸಂಜೆ ಫೋನ್ ಮಾಡಿ ದೂರು ಹೇಳಿ. ಕಾರ್ಡ್ ಬರೆದು ನಿಮ್ಮ ಮೊಬೈಲಿಗೆ ಕಳಿಸುತ್ತೇವೆ, "ಒಪ್ಪಿದೆ" ಅಂತ ವಾಪಸ್ ಬರೆದರೆ ಸಾಕು. ಓದಲು ಕಷ್ಟ ಆಗುವ ಹಿರಿಯರಿಗೆ ಕೌಂಟರಿನಲ್ಲಿ ಪ್ರತಿ ಸಾಲನ್ನೂ ಓದಿ ಹೇಳುತ್ತೇವೆ. ಕಾರ್ಡ್ ಕನ್ನಡದಲ್ಲೇ ಇದೆ.

ಡಿಸ್ಕ್ ಬದಲಾಯಿಸಿದ ಆ ಗ್ರಾಹಕರಿಗೂ ಈ ಪತ್ರ ಕಳಿಸುತ್ತಿದ್ದೇವೆ. ಸರ್, ನಿಮ್ಮನ್ನು ಕೇಳಬೇಕಿತ್ತು. ಕ್ಷಮಿಸಿ.

ಇಂತಿ,
ನಿಮ್ಮ ಗ್ಯಾರೇಜಿನವರು
ಶಿವಮೊಗ್ಗ