ತರಗತಿಗಳಿಗೆ ಎ.ಸಿ. ಕೋರಿದ ಮನವಿಯ ಕುರಿತು

ಮಾನ್ಯ ಪೋಷಕರೇ,

ತರಗತಿಗಳಿಗೆ ಎ.ಸಿ. ಹಾಕಿಸಬೇಕೆಂದು ನಿಮ್ಮಲ್ಲಿ ಹಲವರು ಸಹಿ ಮಾಡಿ ಕಳೆದ ವಾರ ಕೊಟ್ಟ ಮನವಿಯನ್ನು ಓದಿದ್ದೇನೆ. ಫೆಬ್ರವರಿ ಮುಗಿಯುವ ಮೊದಲೇ ಬಿಸಿಲು ಏರಿದೆ, ಮಕ್ಕಳು ಸಂಜೆ ಸುಸ್ತಾಗಿ ಮನೆ ಸೇರುತ್ತಿದ್ದಾರೆ ಎಂಬ ನಿಮ್ಮ ಆತಂಕ ನ್ಯಾಯವಾದುದು. ಆದರೂ ಈ ಕೋರಿಕೆಯನ್ನು ಒಪ್ಪಲು ಶಾಲೆಗೆ ಆಗುವುದಿಲ್ಲ. ಇದು ಖರ್ಚು ಉಳಿಸುವ ಲೆಕ್ಕಾಚಾರವಲ್ಲ.

ಗಾರೆಯಿಲ್ಲದ ಗೋಡೆಗಳನ್ನು ಕಂಡು ಕಟ್ಟಡದ ಕೆಲಸ ಅರ್ಧಕ್ಕೆ ನಿಂತಿದೆಯೆಂದು ಕೆಲವರು ಬರೆದಿದ್ದೀರಿ. ಇಲ್ಲಿಯ ಮಣ್ಣಿಗೆ ಸ್ವಲ್ಪ ಸಿಮೆಂಟ್ ಬೆರೆಸಿ, ಯಂತ್ರದಲ್ಲಿ ಒತ್ತಿ, ಗೂಡಿನಲ್ಲಿ ಸುಡದೆ ನೀರುಣಿಸಿ ಗಟ್ಟಿಗೊಳಿಸಿದ ಇಟ್ಟಿಗೆಗಳು ಅವು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಆರಂಭವಾದ ‘ಅಸ್ತ್ರ’ ಎಂಬ ಗ್ರಾಮೀಣ ತಂತ್ರಜ್ಞಾನ ಕೇಂದ್ರ ಪರೀಕ್ಷಿಸಿ ಬಳಕೆಗೆ ತಂದ ವಿಧಾನವಿದು. ಚಾವಣಿಯ ಕಾಂಕ್ರೀಟಿನ ಕೆಳಭಾಗದಲ್ಲಿ ಮಂಗಳೂರು ಹೆಂಚು ಕೂರಿಸಿರುವುದರಿಂದ ಸಿಮೆಂಟೂ ಉಳಿದಿದೆ, ಶಾಖ ಇಳಿಯುವುದೂ ತಗ್ಗಿದೆ. ಮೇಲಿನ ಜಾಲಂಧ್ರಗಳಿಂದ ಬಿಸಿಗಾಳಿ ಹೊರಹೋದಂತೆಲ್ಲ ಕಿಟಕಿಗಳಿಂದ ಹೊಸ ಗಾಳಿ ಒಳಬರುತ್ತದೆ. ಎ.ಸಿ. ಹಾಕಿದರೆ ಇವೆಲ್ಲವನ್ನೂ ಮುಚ್ಚಬೇಕು. ಮುಚ್ಚಿದ ಕೋಣೆಯಲ್ಲಿ ಮೂವತ್ತೈದು ಮಕ್ಕಳು ಬಿಟ್ಟ ಉಸಿರನ್ನೇ ಮತ್ತೆ ಎಳೆದುಕೊಳ್ಳುತ್ತ ತೂಕಡಿಸುವುದು ನನಗೆ ಬೇಡ.

ಏಳನೆಯ ತರಗತಿಯವರು ದಿನಕ್ಕೆರಡು ಸಲ ಒಳಗಿನ ಮತ್ತು ಹೊರಗಿನ ಉಷ್ಣಾಂಶವನ್ನು ಬರೆದಿಡುತ್ತಾರೆ. ಯಾವ ಹೊತ್ತಿಗೆ ಯಾವ ಕಿಟಕಿ ತೆರೆಯಬೇಕು, ಯಾವುದನ್ನು ಮುಚ್ಚಬೇಕು ಎಂಬುದನ್ನು ಆ ಅಂಕಿಗಳನ್ನು ನೋಡಿ ಅವರೇ ಕಂಡುಕೊಂಡರು. ಆ ಪುಸ್ತಕ ಕಚೇರಿಯಲ್ಲಿದೆ, ದಯವಿಟ್ಟು ಬಂದು ನೋಡಿ. ಇಂಥ ಕಲಿಕೆಯನ್ನು ಒಂದು ರಿಮೋಟಿಗಾಗಿ ಬಿಟ್ಟುಕೊಡಲು ನನ್ನ ಮನಸ್ಸು ಒಪ್ಪುವುದಿಲ್ಲ.

ಎ.ಸಿ. ಬೇಡವೆಂದ ಮಾತ್ರಕ್ಕೆ ಮಕ್ಕಳ ಕಷ್ಟ ನಮಗೆ ಕಾಣುತ್ತಿಲ್ಲವೆಂದು ದಯವಿಟ್ಟು ಭಾವಿಸಬೇಡಿ. ಪಶ್ಚಿಮದ ಎರಡು ಕೊಠಡಿಗಳ ಬಗ್ಗೆ ನಿಮ್ಮ ದೂರು ಸತ್ಯ. ಅಲ್ಲಿ ನೆಟ್ಟ ಹೊಂಗೆಗಳು ಇನ್ನೂ ಕಿಟಕಿಯ ಎತ್ತರವನ್ನೂ ಮುಟ್ಟಿಲ್ಲ, ಅವು ನೆರಳು ಕೊಡುವವರೆಗೆ ಮಕ್ಕಳು ಬೇಯಲಿ ಎಂದು ನಾನು ಹೇಳಲಾರೆ. ಸೋಮವಾರದಿಂದ ಆ ಕಿಟಕಿಗಳಿಗೆ ಲಾವಂಚದ ತಟ್ಟಿ ಕಟ್ಟಿಸುತ್ತೇವೆ, ಕೊಠಡಿಗೆ ಎರಡರಂತೆ ಫ್ಯಾನ್ ಹೆಚ್ಚಿಸುತ್ತೇವೆ, ಊಟದ ನಂತರದ ಪಾಠಗಳನ್ನು ಪೂರ್ವದ ಜಗುಲಿಯಲ್ಲಿ ನಡೆಸುತ್ತೇವೆ. ಸೆಖೆ ತಡೆಯಲಾಗದ ಅನಾರೋಗ್ಯ ಯಾವ ಮಗುವಿಗಾದರೂ ಇದ್ದರೆ ನೇರವಾಗಿ ನನ್ನನ್ನು ಕಾಣಿರಿ, ಅಂಥವರಿಗೆ ಬೇರೆ ವ್ಯವಸ್ಥೆ ಮಾಡೋಣ. ಎ.ಸಿ.ಯ ವಿಷಯದಲ್ಲಿ ಮಾತ್ರ ತೀರ್ಮಾನ ಬದಲಾಗುವುದಿಲ್ಲ.

ಮಾರ್ಚ್ 1ರಿಂದ ಮಕ್ಕಳನ್ನು ಟೈ, ಶೂ ಇಲ್ಲದೆ, ಹತ್ತಿಯ ಸಮವಸ್ತ್ರದಲ್ಲಿ ಕಳುಹಿಸಿಕೊಡಿ.

ಇಂತಿ ತಮ್ಮ ವಿಶ್ವಾಸಿ,
ಮುಖ್ಯೋಪಾಧ್ಯಾಯಿನಿ