ಹಾಟ್‌ಸ್ಪಾಟ್‌ಗೆ ತಡೆ ಯಾಕೆ?

ಮಾನ್ಯ ಸಂಪಾದಕರೇ,

ದುಡ್ಡು ಕೊಟ್ಟು ಹಾಕಿಸಿಕೊಂಡ ಡೇಟಾವನ್ನು ಹಾಟ್‌ಸ್ಪಾಟ್ ಮೂಲಕ ಲ್ಯಾಪ್‌ಟಾಪ್‌ಗೆ ಕೊಡಲು ಕೆಲವು ಪ್ಯಾಕ್‌ಗಳಲ್ಲಿ ಬಿಡುವುದಿಲ್ಲ. ಇದು ಸರಿಯಲ್ಲ. ಗುಬ್ಬಿ ಕಡೆಯ ನಮ್ಮ ಹಳ್ಳಿಗೆ ಬ್ರಾಡ್‌ಬ್ಯಾಂಡ್ ಇನ್ನೂ ಬಂದಿಲ್ಲ. ಮಗಳು ಫೋನನ್ನು ಕಿಟಕಿಯ ಸರಳಿಗೆ ಒರಗಿಸಿಟ್ಟು, ಅದರ ಹಾಟ್‌ಸ್ಪಾಟ್‌ನಲ್ಲೇ ಕಾಲೇಜಿನ ಅಸೈನ್‌ಮೆಂಟ್ ಕಳಿಸುತ್ತಿದ್ದಳು. ಪ್ಯಾಕ್ ಬದಲಿಸಿದ ಮೇಲೆ ಅದೂ ನಿಂತಿತು. ದಿನಕ್ಕೆ 2 ಜಿಬಿ ಅಂದ ಮೇಲೆ ಅದು ಫೋನಿನಲ್ಲಿ ಖರ್ಚಾದರೇನು, ಲ್ಯಾಪ್‌ಟಾಪ್‌ನಲ್ಲಿ ಖರ್ಚಾದರೇನು, ಲೆಕ್ಕ ಒಂದೇ ಅಲ್ವಾ? ಅಮೆರಿಕದಲ್ಲಿ ಟೆದರಿಂಗ್ ಆ್ಯಪ್‌ಗಳಿಗೆ (ಫೋನಿನ ಡೇಟಾವನ್ನು ಲ್ಯಾಪ್‌ಟಾಪ್‌ಗೆ ಕೊಡುವ ಆ್ಯಪ್‌ಗಳಿಗೆ) ಅಡ್ಡಿ ಮಾಡಿದ ಆರೋಪದ ತನಿಖೆ ಮುಗಿಸಿಕೊಳ್ಳಲು ಅಲ್ಲಿನ ಮೊಬೈಲ್ ಕಂಪನಿ ವೆರಿಝಾನ್ ವೈರ್‌ಲೆಸ್ 2012ರಲ್ಲಿ 12.5 ಲಕ್ಷ ಡಾಲರ್ ಕಟ್ಟಿತು. ಡೇಟಾ ಮಿತಿ ಇರುವ ಪ್ಯಾಕ್‌ಗಳಲ್ಲಿ ಹಾಟ್‌ಸ್ಪಾಟ್ ತಡೆಯಬಾರದೆಂದು ನಮ್ಮ ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರ ಟ್ರಾಯ್ ಕೂಡ ನಿಯಮ ಮಾಡಲಿ. ಅಲ್ಲಿಯವರೆಗೆ ಕಂಪನಿಗಳು ರೀಚಾರ್ಜ್‌ಗೆ ಮುಂಚೆಯೇ ಈ ನಿರ್ಬಂಧವನ್ನು ಕನ್ನಡದಲ್ಲಿ, ದೊಡ್ಡ ಅಕ್ಷರದಲ್ಲಿ ತೋರಿಸಲಿ.

– ಓದುಗ, ಗುಬ್ಬಿ ತಾಲ್ಲೂಕು, ತುಮಕೂರು ಜಿಲ್ಲೆ